ಹಕ್ಕಿ ಹಾರಿದರೂ ಅಲುಗದ ನಾಯಿ

ಓಡುವುದನ್ನು ಬೆನ್ನಟ್ಟುವುದು ನಾಯಿಯ ಹುಟ್ಟುಗುಣವೆಂಬುದು ನಿಮಗೆಲ್ಲ ತಿಳಿದದ್ದೇ. ಆದರೆ ಪಾಯಿಂಟರ್ ಮತ್ತು ಸೆಟ್ಟರ್ ಎಂಬ ಜಾತಿಯ ನಾಯಿಗಳು ಪೊದೆಯಲ್ಲಡಗಿದ ಕೌಜುಗದಂಥ ಹಕ್ಕಿಯ ವಾಸನೆ ಹತ್ತಿದೊಡನೆ ನಿಂತುಬಿಡುತ್ತವೆ. ಪಾಯಿಂಟರ್ ಹಕ್ಕಿಯ ಕಡೆಗೆ ಮೂಗು ಚಾಚಿ, ಅನೇಕ ವೇಳೆ ಮುಂಗಾಲೊಂದನ್ನು ಎತ್ತಿ ನಿಲ್ಲುತ್ತದೆ. ಹಿಂದಿನ ಕಾಲದ ಸೆಟ್ಟರ್ ನೆಲಕ್ಕೆ ಒತ್ತಿ ಮಲಗುತ್ತಿತ್ತು. ಬೇಟೆಗಾರರು ಅದು ತೋರಿದ ಕಡೆಗೆ ಬಲೆ ಬೀಸುತ್ತಿದ್ದರು. ಇಂಥ ನಾಯಿಯ ವರ್ಣನೆಯನ್ನು ಇಂಗ್ಲೆಂಡಿನ ವೈದ್ಯ ಜಾನ್ ಕೀಸ್ 1570ರಲ್ಲಿ ಪ್ರಕಟವಾದ ತನ್ನ ಲ್ಯಾಟಿನ್ ಗ್ರಂಥದಲ್ಲಿ ಕೊಟ್ಟಿದ್ದಾನೆ.

ಹೀಗೆ ನಿಲ್ಲುವುದು ರಕ್ತಗುಣ. ಆದರೆ ಹಕ್ಕಿ ಪಟಪಟನೆ ಮೇಲೆದ್ದಾಗಲೂ ನಿಂತೇ ಇರುವುದು ಕಲಿಕೆಯಿಂದ ಮಾತ್ರ ಸಾಧ್ಯ. ಹಕ್ಕಿಯ ಹಿಂದೆ ನೆಗೆದ ನಾಯಿಗೆ ಗುಂಡು ತಗಲುವ ಅಪಾಯವಿದೆ. ಅಡಗಿರುವ ಉಳಿದ ಹಕ್ಕಿಗಳೂ ಚದರಿ ಹೋಗುತ್ತವೆ. ಆದ್ದರಿಂದ ಹಕ್ಕಿ ಹಾರಿದಾಗ, ಕೋವಿ ಸದ್ದಾದಾಗ, ಹಕ್ಕಿ ಕೆಳಗೆ ಬಿದ್ದಾಗ, ಈ ಮೂರು ಸಂದರ್ಭಗಳಲ್ಲೂ ಅದು ಅಲುಗಬಾರದು.

ಈ ಪಾಠ ಆರಂಭವಾಗುವುದು ಹಕ್ಕಿಯಿಂದಲ್ಲ, ಊಟದ ತಟ್ಟೆಯಿಂದ. ತಟ್ಟೆಯೆದುರು ‘ನಿಲ್ಲು’ ಎಂಬ ಒಂದೇ ಮಾತು ಹೇಳಿ, ಕ್ಷಣಕಾಲ ತಡೆದು, ನಿಂತ ಮೇಲೆಯೇ ಉಣ್ಣಬಿಡಬೇಕು. ಅನಂತರ ಕೊರಳಿಗೆ ಉದ್ದನೆಯ ಹಗ್ಗ ಕಟ್ಟಿ ಬಯಲಿನಲ್ಲಿ ಅಭ್ಯಾಸ. ಆಮೇಲೆ ದೂರದಲ್ಲಿ ಪಾರಿವಾಳವೊಂದನ್ನು ಹಾರಿಬಿಡುತ್ತಾರೆ. ನಾಯಿ ಹೆಜ್ಜೆ ಇಟ್ಟರೆ ಹಗ್ಗದಿಂದ ತಡೆದು, ಮೊದಲು ನಿಂತಿದ್ದ ಜಾಗಕ್ಕೇ ಮರಳಿ ತಂದು ನಿಲ್ಲಿಸುತ್ತಾರೆ. ದಿನಗಳೆದಂತೆ ದೂರವನ್ನು ಕಡಿಮೆ ಮಾಡುತ್ತಾರೆ. ಕೋವಿಯ ಸದ್ದನ್ನೂ ಮೊದಲು ದೂರದಿಂದಲೇ ಕೇಳಿಸಬೇಕು. ಒಂದು ಸಲಕ್ಕೆ ಒಂದೇ ಕಷ್ಟ, ಇದೇ ನಿಯಮ.

ಇಲ್ಲಿ ಹೊಡೆತಕ್ಕೆ ಸ್ಥಾನವಿಲ್ಲ. ಹಕ್ಕಿಯ ಸಮೀಪದಲ್ಲಿ ಪೆಟ್ಟು ತಿಂದ ನಾಯಿ, ನೋವು ಬಂದದ್ದು ಹಕ್ಕಿಯಿಂದಲೇ ಎಂದು ತಿಳಿದು, ಮುಂದೆ ವಾಸನೆ ಹತ್ತಿದರೂ ಹತ್ತದಂತೆ ತಪ್ಪಿಸಿಕೊಂಡು ಹೋಗುತ್ತದೆ. ಹಾಗೆಂದು ಬೆನ್ನಟ್ಟಲು ಬಿಡುವುದೂ ಸಲ್ಲದು. ಓಟದ ಸುಖವೇ ಅದಕ್ಕೆ ಬಹುಮಾನ. ಸಮಾಧಾನದಿಂದ ಕಲಿಸಿದರೆ ಕೊನೆಗೆ ರೆಕ್ಕೆಯ ಸದ್ದೇ ‘ನಿಲ್ಲು’ ಎಂಬ ಆಜ್ಞೆಯಾಗುತ್ತದೆ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಾಡುಹಕ್ಕಿಗಳಿಗೆ ರಕ್ಷಣೆ ನೀಡಿದೆ. ಆದರೆ ಈ ವಿದ್ಯೆ ಬೇಟೆಗಷ್ಟೇ ಸೀಮಿತವಲ್ಲ. ನ್ಯೂಜಿಲೆಂಡಿನಲ್ಲಿ 1890ರ ದಶಕದಲ್ಲಿ ರಿಚರ್ಡ್ ಹೆನ್ರಿ ಎಂಬಾತ ನಾಯಿಯ ಬಾಯಿಗೆ ಕುಕ್ಕೆ ಕಟ್ಟಿ, ಹಾರಲಾರದ ಕಾಕಪೋ ಗಿಳಿಗಳನ್ನು ಅದರ ನೆರವಿನಿಂದ ಹುಡುಕಿ, ರಕ್ಷಣೆಗಾಗಿ ರೆಸಲ್ಯೂಷನ್ ದ್ವೀಪಕ್ಕೆ ಸಾಗಿಸಿದನು. ಇಂದಿಗೂ ಅಲ್ಲಿ ಕುಕ್ಕೆ ತೊಟ್ಟ, ತರಬೇತಿ ಪಡೆದ ನಾಯಿಗಳು ಕಿವಿ ಹಕ್ಕಿಗಳನ್ನು ಹುಡುಕಿಕೊಡುತ್ತಿವೆ. ಹಕ್ಕಿಯನ್ನು ಮುಟ್ಟದ ನಾಯಿಯೇ ಹಕ್ಕಿಯ ಕುಲವನ್ನು ಉಳಿಸಲು ನೆರವಾಗಿದೆ.

ನಿಮ್ಮ ಮನೆಯ ನಾಯಿ ನೆರೆಮನೆಯ ಕೋಳಿಯನ್ನು ಅಟ್ಟುವುದುಂಟೆ? ಕೋಲನ್ನು ಬದಿಗಿಟ್ಟು, ನಾಳೆಯ ಊಟದ ತಟ್ಟೆಯಿಂದಲೇ ಪಾಠ ಆರಂಭಿಸಿರಿ.