ನೊರೆ ಏಳುವ ಮಣ್ಣು ಮತ್ತು ನಿವ್ವಳ ಅಯಾನು ಸಮೀಕರಣ

ಔರಾದ್, ಭಾಲ್ಕಿ ಕಡೆಯ ಸುಣ್ಣದ ಹರಳಿರುವ ಕಪ್ಪು ಮಣ್ಣಿಗೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟರೆ ನೊರೆ ಏಳುತ್ತದೆ. ಬೀದರ್ ನಗರದ ಸುತ್ತಲಿನ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಸಾಮಾನ್ಯವಾಗಿ ಏಳುವುದಿಲ್ಲ.

ಈ ಕ್ರಿಯೆಯಲ್ಲಿ ಕ್ಲೋರೈಡ್ ಅಯಾನು ಮೊದಲಿದ್ದಂತೆಯೇ ಕೊನೆಗೂ ದ್ರಾವಣದಲ್ಲಿ ಉಳಿಯುತ್ತದೆ. ಹೀಗೆ ಬದಲಾಗದೆ ಉಳಿದದ್ದನ್ನು ಎರಡೂ ಕಡೆಯಿಂದ ತೆಗೆದು, ಬದಲಾದುದನ್ನಷ್ಟೇ ಬರೆದರೆ ಅದು ನಿವ್ವಳ ಅಯಾನು ಸಮೀಕರಣ. ನೀರಿನಲ್ಲಿ ಕರಗದ ಸುಣ್ಣವನ್ನು ಒಡೆಯದೆ ಇಡಿಯಾಗಿಯೇ ಬರೆಯಬೇಕು:

ಕ್ಯಾಲ್ಸಿಯಂ ಕಾರ್ಬೊನೇಟ್ + 2 ಹೈಡ್ರೋಜನ್ ಅಯಾನು → ಕ್ಯಾಲ್ಸಿಯಂ ಅಯಾನು + ನೀರು + ಇಂಗಾಲದ ಡೈಆಕ್ಸೈಡ್

ಎಡಕ್ಕೂ ಬಲಕ್ಕೂ 2 ಧನ ವಿದ್ಯುದಂಶ, ಲೆಕ್ಕ ಸರಿಯಾಯಿತು.

ಇದರಿಂದ ರೈತರಿಗೇನು ಪ್ರಯೋಜನ? ಗಂಧಕವು ಮಣ್ಣಿನಲ್ಲಿ ಸೂಕ್ಷ್ಮಜೀವಿಗಳಿಂದ ಆಮ್ಲವಾಗಿ, ಒಂದು ಪರಮಾಣುವಿಗೆ 2 ಹೈಡ್ರೋಜನ್ ಅಯಾನು ಕೊಡುತ್ತದೆ. ಅಂದರೆ 100 ಕಿಲೋ ಸುಣ್ಣ ಕರಗಿಸಲು 32 ಕಿಲೋ ಗಂಧಕ ಬೇಕು. ಒಂದು ಎಕರೆಯಲ್ಲಿ 15 ಸೆಂ.ಮೀ. ಆಳದ ಮಣ್ಣು ಸುಮಾರು 9 ಲಕ್ಷ ಕಿಲೋ. ಅದರಲ್ಲಿ ಶೇಕಡಾ 1ರಷ್ಟು ಸುಣ್ಣವಿದ್ದರೂ ಸುಮಾರು 2,900 ಕಿಲೋ ಗಂಧಕ ಬೇಕಾದೀತು!

ಆದ್ದರಿಂದ ನೊರೆ ಏಳುವ ಹೊಲದ ಸುಣ್ಣ ಕಳೆಯಲು ಹಣ ಸುರಿಯಬೇಡಿರಿ. ಬೆಳೆಗೆ ಪೋಷಕಾಂಶವಾಗಿ ಕೊಡುವ ಗಂಧಕದ ಮಾತು ಬೇರೆ. ಕಬ್ಬಿಣದ ಕೊರತೆಯಿಂದ ಎಳೆಯ ಎಲೆಗಳು ನರಗಳ ನಡುವೆ ಹಳದಿಯಾದರೆ, ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಿಂಪಡಿಸಿರಿ.