ಮುಳಬಾಗಿಲಿನ ಕಾಡುಹೂಗಳ ವರ್ಣವೈವಿಧ್ಯ: ನೋಡಹೋಗುವವರಿಗೆ ಒಂದು ಮಾರ್ಗಸೂಚಿ

ಕುರುಡುಮಲೆಯ ಗಣಪತಿಯನ್ನೂ ಆವನಿಯ ದೇವಾಲಯಗಳನ್ನೂ ದರ್ಶಿಸಲೆಂದು ಮುಳಬಾಗಿಲಿಗೆ ಹೊರಡುವ ಸಹೃದಯರು, ಅದೇ ದಾರಿಗಳ ಅಂಚಿನಲ್ಲಿ ಯಾರ ಆರೈಕೆಯೂ ಇಲ್ಲದೆ ಅರಳುವ ಹೂಗಳಿಗಾಗಿಯೂ ಒಂದು ದಿನವನ್ನು ಮೀಸಲಿರಿಸಬೇಕೆಂದು ನನ್ನ ಬಿನ್ನಹ. ಕಾಡಿನ ಹೂವಿನಂತೆ ಬಾಳಬೇಕೆಂದು ಹಾಡಿದ ಡಿ.ವಿ.ಜಿ. ಅವರು 1887ರಲ್ಲಿ ಜನಿಸಿದ ಊರೂ ಇದೇ ಅಲ್ಲವೆ!

ಜೀವನದಿಗಳಿಲ್ಲದ ಈ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಮಳೆಯೇ ಪ್ರಧಾನವಾದುದರಿಂದ, ಆಗಿನಿಂದ ನವೆಂಬರ್ ಕೊನೆಯವರೆಗಿನ ಕಾಲವು ಪ್ರಶಸ್ತ. ಬೆಂಗಳೂರಿನಿಂದ ಕೋಲಾರದ ಮಾರ್ಗವಾಗಿ ಸುಮಾರು 95 ಕಿ.ಮೀ.; ಬಸ್ಸುಗಳಿಗೆ ಕೊರತೆಯಿಲ್ಲ. ಪಟ್ಟಣದಿಂದ ಮುಂದಕ್ಕೆ ಆಟೋ ಗೊತ್ತುಮಾಡಿಕೊಂಡರೆ ಬೇಕಾದೆಡೆಯಲ್ಲಿ ಇಳಿದು ನೋಡಬಹುದು.

ಮೊದಲು, 10 ಕಿ.ಮೀ. ಆಸುಪಾಸಿನಲ್ಲಿರುವ ಕುರುಡುಮಲೆಯ ದಾರಿಯನ್ನು ಹಿಡಿಯತಕ್ಕದ್ದು. ಬೀಳುಹೊಲಗಳಲ್ಲಿ ಬೆಳೆದ ಎಕ್ಕದ ಗಿಡಗಳ ಪೈಕಿ ಕೆಲವು ನಸುನೇರಳೆಯ ಹೂಗಳನ್ನೂ ಕೆಲವು ಅಚ್ಚಬಿಳಿಯ ಹೂಗಳನ್ನೂ ಹೊತ್ತಿರುತ್ತವೆ. ಎರಡನ್ನೂ ಹತ್ತಿರದಿಂದ ನೋಡಿರಿ: ಮೇಣ ಬಳಿದಂತಿರುವ ಅವೇ ಐದು ದಪ್ಪ ಎಸಳುಗಳು, ನಡುವೆ ಅದೇ ಐದು ಮೂಲೆಯ ಕಿರೀಟ, ಮಕರಂದಕ್ಕೆ ಬಂದು ಎರಗುವ ಅದೇ ಕರಿಯ ದುಂಬಿ. ಬಿಳಿಯೆಕ್ಕವು ಬೇರೊಂದು ದಿವ್ಯಸಸ್ಯವೆಂದು ಭಾವಿಸುವವರು ಬಹಳ ಮಂದಿ. ವಾಸ್ತವದಲ್ಲಿ ಎರಡೂ ಒಂದೇ ಜಾತಿ. ಹೂಗಳಿಗೆ ನೇರಳೆಯನ್ನೂ ನೀಲಿಯನ್ನೂ ಕೊಡುವ ಆಂಥೋಸಯನಿನ್ ಎಂಬ ವರ್ಣದ್ರವ್ಯವನ್ನು ಸಿದ್ಧಪಡಿಸುವ ವಂಶವಾಹಿಗಳಲ್ಲಿ ಒಂದು ಕೆಟ್ಟರೂ ಸಾಕು, ಹೂವು ಬಿಳಿಯಾಗಬಲ್ಲದು. ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಬಟಾಣಿಯ ಪ್ರಯೋಗಗಳಲ್ಲಿನ ಬಿಳಿಹೂವಿನ ಮರ್ಮವೂ ಇಂಥದೇ. ಬೇಲಿಗಳ ಮೇಲೆ ಹಬ್ಬುವ ಶಂಖಪುಷ್ಪದಲ್ಲಿಯೂ ನೀಲಿ, ಬಿಳಿಗಳೆಂಬ ಈ ಭೇದವುಂಟು.

ಆವನಿಯ ಬೆಟ್ಟದ ಕಡೆಗೆ ಹೋದಾಗ ಬೇರೊಂದು ಬಗೆಯನ್ನು ಹುಡುಕಬೇಕು. ಲಂಟಾನದ ಗೊಂಚಲೊಂದನ್ನು ಹಿಡಿದು ನೋಡಿದರೆ ನಡುವಿನ ಎಳೆಯ ಹೂಗಳು ಹಳದಿಯಾಗಿಯೂ ಅಂಚಿನ ಹಳೆಯವು ಗುಲಾಬಿಯಾಗಿಯೂ ಕಾಣುವುದುಂಟು; ಪರಾಗಸ್ಪರ್ಶವಾದ ಬಳಿಕ ಬಣ್ಣ ಬದಲಾಗುವುದರಿಂದ ಚಿಟ್ಟೆಗಳು ಮಕರಂದವುಳ್ಳ ಹಳದಿಯನ್ನೇ ಅರಸಿ ಬರುತ್ತವೆ. ಪೊದೆಯ ಮೇಲೇರುವ ಗೌರಿಹೂವು ಕಣ್ಣಿಗೆ ಬಿದ್ದರೆ ಅದು ನಿಮ್ಮ ಭಾಗ್ಯ: ಹಸಿರುಗಲಸಿದ ಹಳದಿಯಾಗಿ ಅರಳುವ ಅದರ ಎಸಳುಗಳು ದಿನಗಳೆದಂತೆ ಪೂರ್ತಿ ಕೆಂಪಾಗುತ್ತವೆ. ಒಂದೇ ಬಳ್ಳಿಯಲ್ಲಿ ಕೆಳಗಿನಿಂದ ಮೇಲಕ್ಕೆ ಈ ಅವಸ್ಥೆಗಳೆಲ್ಲವನ್ನೂ ಕಾಣಬಹುದಾದ್ದರಿಂದ ಅವಸರಪಡದೆ ನಿಂತು ನೋಡಿರಿ.

ಬಂಡೆಗಳು ಕಾಯುವ ಮೊದಲೇ, ಬೆಳಗಿನ ಹೊತ್ತಿನಲ್ಲಿ ಏರುವುದು ಲೇಸು. ಕುಡಿಯುವ ನೀರು ಜೊತೆಗಿರಲಿ. ಗೌರಿಹೂವಿನ ಗೆಡ್ಡೆ ಘೋರ ವಿಷ. ಎಕ್ಕದ ಹಾಲು ತಾಗಿದ ಕೈಯಿಂದ ಕಣ್ಣುಜ್ಜಿಕೊಂಡರೆ ದೃಷ್ಟಿಗೇ ಅಪಾಯ. ಮಕ್ಕಳಿಗೆ ಇದನ್ನು ಮೊದಲೇ ತಿಳಿಸಿರಿ.

ಬಿಳಿಯೆಕ್ಕದ ಬೇರಿನಲ್ಲಿ ಗಣಪತಿಯು ನೆಲೆಸಿರುವನೆಂದು ನಂಬಿ ಗಿಡವನ್ನೇ ಅಗೆದೊಯ್ಯುವವರುಂಟು. ಆ ಭಕ್ತಿಯನ್ನು ಗೌರವಿಸಿಯೇ ಕೇಳಿಕೊಳ್ಳುತ್ತೇನೆ: ಪೂಜೆಗೆ ನಾಲ್ಕು ಹೂ ಸಾಕು, ಬೇರನ್ನು ನೆಲದಲ್ಲಿಯೇ ಬಿಡಿರಿ. ಅಗೆದ ಗಿಡ ಮತ್ತೆ ಬೀಜ ಕಟ್ಟುವುದಿಲ್ಲ.