ಉಸಿರೋ, ಕಾಲೋ

ನಮ್ಮ ಅಂಗಳದಿಂದ ಬೇಲಿಯ ದಣಪೆಗೆ ನೂರು ಹೆಜ್ಜೆಯೂ ಇಲ್ಲ, ಆದರೆ ಏರು. ಮೂರು ವರ್ಷದ ಹಿಂದೆ ಆ ಏರಿನ ನಡುವೆ ದಮ್ಮು ಕಟ್ಟಿ ಹಲಸಿನ ಮರ ಹಿಡಿದು ನಿಂತೆ. ನಾನು ಬೀಡಿ ಸೇದಿದವಳಲ್ಲ. ನಲವತ್ತು ವರ್ಷ ಅಡುಗೆ ಒಲೆ, ಬಚ್ಚಲೊಲೆ ಊದಿದವಳು. ಮಲೆನಾಡಿನ ಮಳೆಗಾಲದ ಹಸಿ ಸೌದೆಯ ಹೊಗೆ ಕುಡಿದವಳು. ಊದುವ ಪರೀಕ್ಷೆ ಮಾಡಿಸಿದ ಡಾಕ್ಟರು ಸಿಒಪಿಡಿ ಎಂದರು, ಉಸಿರಿನ ದಾರಿ ಕಿರಿದಾಗುವ ಶ್ವಾಸಕೋಶದ ಕಾಯಿಲೆ.

ಅಂದಿನಿಂದ ಮನೆಯವರೆಲ್ಲ "ನೀನು ಸುಮ್ಮನೆ ಕೂತಿರು" ಎಂದರು. ಕೂತೆ. ಆರು ತಿಂಗಳಲ್ಲಿ ದಣಪೆ ಹಾಗಿರಲಿ, ಕೊಟ್ಟಿಗೆಯೂ ದೂರವಾಯಿತು.

ಆಮೇಲೆ ಆಸ್ಪತ್ರೆಯಲ್ಲಿ ಆರು ನಿಮಿಷದ ನಡಿಗೆ ಪರೀಕ್ಷೆ. 30 ಮೀಟರ್ ಅಂತರದ ಎರಡು ಗುರುತುಗಳ ನಡುವೆ ಹೋಗಿ ಬರಬೇಕು, ಬೇಕಾದರೆ ನಿಲ್ಲಬಹುದು. ನಾನು ನಡೆದದ್ದು 210 ಮೀಟರ್. "ನಿಂತದ್ದು ಯಾಕೆ, ಉಸಿರಿಗೋ ಕಾಲಿಗೋ?" ಎಂದು ಫಿಸಿಯೋಥೆರಪಿಸ್ಟ್ ಕೇಳಿದರು. ಅದುವರೆಗೆ ಯಾರೂ ಕೇಳಿರಲಿಲ್ಲ. ನೆನೆಸಿಕೊಂಡರೆ, ಮೊದಲು ಸೋತದ್ದು ತೊಡೆ.

ಕೂತೂ ಕೂತೂ ತೊಡೆಯ ಮಾಂಸ ಕರಗಿತ್ತು. ಸೊರಗಿದ ಸ್ನಾಯು ಬೇಗ ದಣಿಯುತ್ತದೆ, ಅದೇ ಕೆಲಸಕ್ಕೆ ಹೆಚ್ಚು ಉಸಿರು ಕೇಳುತ್ತದೆ. ಏದುಸಿರಿಗೆ ಹೆದರಿ ಇನ್ನೂ ಕೂರುತ್ತೇವೆ. ಇನ್ನೊಂದು ವಿಷಯವೂ ಆಗ ತಿಳಿಯಿತು: ಗಾಳಿ ಒಳಗೆ ಬರುತ್ತಿಲ್ಲ ಎಂದು ನಾನು ಒದ್ದಾಡುತ್ತಿದ್ದೆ, ನಿಜವಾಗಿ ಅದು ಹೊರಗೆ ಹೋಗುತ್ತಿರಲಿಲ್ಲ. ಬೀಸಾಗಿ ನಡೆದರೆ ಹಳೆಯ ಗಾಳಿ ಖಾಲಿಯಾಗುವ ಮೊದಲೇ ಹೊಸ ಉಸಿರು ನುಗ್ಗಿ ಎದೆ ಉಬ್ಬಿ ನಿಲ್ಲುತ್ತದೆ. ಊದುಗೊಳವೆಗೆ ಮಾಡುವ ಹಾಗೆ ತುಟಿ ಚೂಪು ಮಾಡಿ, ಆದರೆ ಜೋರು ಮಾಡದೆ, ನಿಧಾನ ಬಿಡಲು ಕಲಿಸಿದರು.

ಕಾಲಿಗೆ ಬಲ ಬರಲು ಕುರ್ಚಿಯಿಂದ ಏಳುವುದು, ಕೂರುವುದು, ಹತ್ತು ಸಲ. ಇನ್ಹೇಲರ್ ಎಳೆದುಕೊಂಡು ಸ್ವಲ್ಪ ಹೊತ್ತು ಬಿಟ್ಟು ನಡಿಗೆ. ಊಟದಲ್ಲಿ ಮೊಳಕೆಕಾಳು, ಮೊಸರು. ಕೊಡ ಹೊತ್ತರೆ, ಮಾತಾಡುತ್ತಾ ನಡೆದರೆ ಬೇಗ ಸೋಲುತ್ತೇನೆಂಬುದನ್ನು ನಾನೇ ಕಂಡುಕೊಂಡೆ. ಹಿಂದೆ ಯಾರೋ ಬರುತ್ತಿದ್ದಾರೆಂದು ದಾಪುಗಾಲು ಹಾಕುವ ಸಂಕೋಚವನ್ನಂತೂ ಬಿಡಲೇಬೇಕಾಯಿತು.

ಎರಡು ತಿಂಗಳ ಮೇಲೆ 265 ಮೀಟರ್ ನಡೆದೆ. ಊದುವ ಪರೀಕ್ಷೆಯ ಅಂಕಿ ಮಾತ್ರ ಹಾಗೆಯೇ ಇತ್ತು.

ಈಗ ದಣಪೆ ಮುಟ್ಟುತ್ತೇನೆ, ಹಲಸಿನ ಬುಡದಲ್ಲಿ ಒಮ್ಮೆ ನಿಂತು. ಅಲ್ಲಿಂದ ತಿರುಗಿ ನೋಡಿದರೆ ಬಚ್ಚಲುಮನೆಯ ಹೆಂಚಿನ ಸಂದಿಯಲ್ಲಿ ಹೊಗೆ ಏಳುತ್ತಿರುತ್ತದೆ. ಒಲೆಯ ಮುಂದೆ ಸೊಸೆ ಕೂತಿದ್ದಾಳೆ. ಆ ಒಲೆಗೊಂದು ಹೊಗೆಕೊಳವೆ ಹಾಕಿಸಲು ಮೇಸ್ತ್ರಿಗೆ ಹೇಳಿಯಾಗಿದೆ.